ಜೇಬು ನೋಡ್ಕೊಳ್ಳಿ

ಮನೆಯವರೆಲ್ಲ ಅವಳನ್ನು ಗರಿ ಎಂದು ಕರೆಯುತ್ತಿದ್ದರು. ಹೆಜ್ಜೆ ಹಾಕಲು ಕಲಿತಾಗಿನಿಂದಲೂ ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ. ಈಗಷ್ಟೇ ಇಸ್ತ್ರಿಯ ಕೆಳಗಿಂದ ಎದ್ದು ಬಂದ ಅಂಗಿಯ ಹಾಗೆ ಗರಿಗರಿಯಾಗಿ ನಡೆಯುತ್ತಾಳೆ ಎಂದು ಅಜ್ಜಿ ಇಟ್ಟ ಹೆಸರು ಅದು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಮನೆಯಲ್ಲಿ ಹುಟ್ಟಿದ ಮಗುವಿಗೆ ಇನ್ನೆಂಥ ಹೆಸರು ಬಂದೀತು.

ಮನೆ ಎಂದರೆ ಉದ್ದಕ್ಕೆ ಒಂದೇ ಕೋಣೆ. ಬೀದಿಯ ಕಡೆಗೆ ಕಂಬಳಿ ಹಾಸಿದ ಮೇಜು. ಅಲ್ಲಿ ಅಪ್ಪ ಇಸ್ತ್ರಿ ಮಾಡುತ್ತಿದ್ದ. ಹಿತ್ತಿಲ ಕಡೆಗೆ ನೀರಿನ ತೊಟ್ಟಿ, ಒಗೆಯುವ ಕಲ್ಲು, ಅಲ್ಲಿ ಅಮ್ಮ. ನಡುವೆ ಕಿಟಕಿಯ ಬೆಳಕಿಗೆ ಮುಖ ಮಾಡಿಕೊಂಡು ಅಜ್ಜಿ, ಅವಳ ಪಕ್ಕದಲ್ಲಿ ಸೂಜಿದಾರದ ಡಬ್ಬಿ. ಒಗೆಯಲು ಬಂದ ಬಟ್ಟೆ ಮೊದಲು ಅಜ್ಜಿಯ ಕೈಗೆ ಹೋಗಬೇಕು. ಅವಳು ಒಂದೊಂದೇ ಜೇಬಿಗೆ ಕೈ ಹಾಕಿ, ಒಳಗಿನದ್ದನ್ನು ಹೊರಗೆ ಮಾಡಿ ಕೊಡವುತ್ತಿದ್ದಳು. ಬೀಗದ ಕೈ, ಕಿವಿಯೋಲೆ, ಮಗುವಿನ ಹಲ್ಲು, ಏನು ಬೇಕಾದರೂ ಸಿಗುತ್ತಿತ್ತು. ಸಿಕ್ಕಿದ್ದನ್ನು ಆ ಮನೆಯಲ್ಲಿ ಯಾರೂ ಪೆಟ್ಟಿಗೆಯಲ್ಲಿ ಎತ್ತಿಡುತ್ತಿರಲಿಲ್ಲ, ಕೈಯಲ್ಲಿ ಹಿಡಿದು ಕೊಡುತ್ತಲೂ ಇರಲಿಲ್ಲ. ಕೈಯಲ್ಲಿ ಹಿಡಿದದ್ದು ಬೇರೆಯವರ ಮನೆಗೆ ಹೋದೀತು, ಗಂಟಿನಲ್ಲಿಟ್ಟದ್ದು ದಾರಿಯಲ್ಲಿ ಉದುರೀತು. ಅದಕ್ಕೇ ಅದನ್ನು ಚಿಂದಿಯೊಂದರಲ್ಲಿ ಚಪ್ಪಟೆಯಾಗಿ ಮಡಿಸಿ, ಸಿಕ್ಕಿದ ಜೇಬಿನ ಒಳಮೂಲೆಗೇ ಕೆಂಪು ದಾರದಲ್ಲಿ ಗುಣಾಕಾರದ ಗುರುತಿನಂಥ ಹೊಲಿಗೆ ಹಾಕಿಬಿಡುವುದು. ಬಟ್ಟೆಯ ಜೊತೆಗೇ ಒಗೆಸಿಕೊಂಡು, ಬಟ್ಟೆಯ ಜೊತೆಗೇ ಅದು ತನ್ನ ಮನೆಗೆ ಹೋಗುತ್ತಿತ್ತು.

ಸಂಜೆ ಅಪ್ಪ ಗಂಟು ಹೊತ್ತು ಮನೆಮನೆಗೆ ಹೋಗುತ್ತಿದ್ದ. ಬಾಗಿಲಲ್ಲಿ ಬಟ್ಟೆ ಇಟ್ಟು, ಒಳಗಿರುವವರಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ, "ಜೇಬು ನೋಡ್ಕೊಳ್ಳಿ" ಎನ್ನುತ್ತಿದ್ದ. ಏನಾದರೂ ಸಿಕ್ಕಿರಲಿ, ಸಿಗದಿರಲಿ, ಪ್ರತಿ ಬಾಗಿಲಲ್ಲೂ ಆ ಮಾತು ತಪ್ಪುತ್ತಿರಲಿಲ್ಲ. ಆ ಬೀದಿಗಳ ಜನರೆಲ್ಲ ಅಲ್ಲೇ ನಿಂತು ಜೇಬಿನ ಮೂಲೆಗಳನ್ನು ಹಿಸುಕಿ ನೋಡಿಯೇ ಬಟ್ಟೆ ಒಳಗೆ ಒಯ್ಯುತ್ತಿದ್ದರು. ಗರಿ ಹೈಸ್ಕೂಲಿಗೆ ಬರುವವರೆಗೂ ಅಪ್ಪನ ಜೊತೆ ಹೋಗುತ್ತಿದ್ದಳು. ಆಮೇಲೆ ಬೀದಿಯ ಆಚೆ ಬದಿಯಲ್ಲಿ, ಬೇರೆ ಯಾರದೋ ಮಗಳ ಹಾಗೆ, ಹಿಂದೆ ಹಿಂದೆ ನಡೆಯತೊಡಗಿದಳು. ಅಪ್ಪನ ಆ ಕೂಗು ಕಿವಿಗೆ ಬಿದ್ದರೆ ಮೈ ಹಿಡಿಯಷ್ಟಾಗುತ್ತಿತ್ತು. ಅಪ್ಪನಿಗೆ ಅದು ಗೊತ್ತಾಯಿತೋ ಇಲ್ಲವೋ, ಒಂದು ದಿನ ತಾನೇ, "ನೀನು ಓದ್ಕೋ, ಬರಬೇಡ" ಎಂದ.

ಅವಳು ಓದಿದಳು. ಔಷಧ ತಯಾರಿಸುವ ವಿದ್ಯೆಗೆ ಹೊರದೇಶದಲ್ಲಿ ಸೀಟು ಸಿಕ್ಕಿತು, ಖರ್ಚೆಲ್ಲ ಆ ಕಾಲೇಜಿನದೇ. ಹೊರಡುವ ದಿನ ಅಮ್ಮ ಪೆಟ್ಟಿಗೆಯ ತಳದಲ್ಲಿ ಒಂದು ಪುಟ್ಟ ಇಸ್ತ್ರಿಪೆಟ್ಟಿಗೆ ಇಟ್ಟಳು. ಅಜ್ಜಿ ಸೂಜಿದಾರದ ಪೊಟ್ಟಣ ಕೊಟ್ಟಳು. "ಅಲ್ಲಿ ಎಲ್ಲ ಮೆಷಿನ್ ಅಂತೆ ಅಜ್ಜಿ" ಎಂದರೆ, "ಮೆಷಿನ್ನು ಜೇಬಿಗೆ ಕೈ ಹಾಕತ್ತೇನೆ?" ಎಂದು ಕೇಳಿದಳು.

ಹೋದ ಕಡೆ ಅವಳಿಗೆ ಸಿಕ್ಕಿದ್ದು ಒಂದು ಮಹಡಿಯ ಮೇಲಿನ ಕೋಣೆ. ಮಂಚ, ಮೇಜು, ಎದುರು ಮನೆಯ ಗೋಡೆ ಕಾಣುವ ಕಿಟಕಿ. ಅದೇ ಮಹಡಿಯಲ್ಲಿ ಇನ್ನಿಬ್ಬರು ಓದುವ ಹುಡುಗಿಯರು. ಒಬ್ಬಳು ಡಾಕ್ಟರ ಮಗಳು, ಗರಿಯ ದೇಶದವಳೇ, ಗರಿಯ ಮಾತನ್ನೇ ಆಡುವವಳು. ಇನ್ನೊಬ್ಬಳು ಬೇರೆಲ್ಲಿಂದಲೋ ಬಂದವಳು. ಬೆಳಗಿನ ಜಾವವೇ ಎದ್ದು ಬೇಕರಿಯಲ್ಲಿ ಕೆಲಸ ಮಾಡಿ ಆಮೇಲೆ ಕಾಲೇಜಿಗೆ ಹೋಗುತ್ತಿದ್ದುದರಿಂದ ಯಾವಾಗ ನೋಡಿದರೂ ಕಣ್ಣು ಎಳೆಯುತ್ತಿತ್ತು. ಡಾಕ್ಟರ ಮಗಳು ಅವಳಿಗೆ ನಿದ್ದೆಗಣ್ಣಿ ಎಂದು ಹೆಸರಿಟ್ಟಿದ್ದಳು. ಕೆಳಗಿನ ಮನೆಯಲ್ಲಿ ಮನೆಯೊಡತಿ. ಮೂವರಿಗೂ ಸೇರಿ ಒಂದು ಅಡುಗೆಮನೆ, ಮೆಟ್ಟಿಲ ಕೆಳಗೆ ಒಂದು ಬಟ್ಟೆ ಒಗೆಯುವ ಮೆಷಿನ್.

ಬಂದ ಹೊಸತರಲ್ಲಿ ಗರಿಗೆ ಎಲ್ಲವೂ ಕೈಗೆಟುಕದ ಮೇಲಿನ ಗೂಡಿನಲ್ಲಿ ಇಟ್ಟ ಹಾಗಿತ್ತು. ಬಸ್ಸಿನಲ್ಲಿ ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆ ಎಂದು ತಿಳಿಯದೆ ಎರಡು ನಿಲ್ದಾಣ ಮುಂದೆ ಹೋಗಿ ನಡೆದು ಬಂದಳು. ತರಗತಿಯಲ್ಲಿ ಎಲ್ಲರೂ ನಕ್ಕಾಗ ತಾನೂ ನಕ್ಕು, ಯಾಕೆ ನಕ್ಕೆವೆಂದು ಆಮೇಲೆ ಯೋಚಿಸಿದಳು. ಕೈಹಿಡಿದು ದಾಟಿಸಿದವಳು ಡಾಕ್ಟರ ಮಗಳೇ. ಬಸ್ಸು, ಬ್ಯಾಂಕು, ಗ್ರಂಥಾಲಯ ಎಲ್ಲ ತೋರಿಸಿದಳು. ಅವಳದು ಬಾಯಿ ಚುರುಕು, ಮನಸ್ಸು ಕೆಟ್ಟದ್ದಲ್ಲ. ಹೀಗೆ ತಿರುಗುತ್ತಿದ್ದಾಗ ಒಂದು ದಿನ, "ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದು ಕೇಳಿದಳು.

"ಬಟ್ಟೆ ವ್ಯಾಪಾರ" ಎಂದಳು ಗರಿ.

ಬಾಯಿಂದ ಬಿದ್ದ ಮೇಲೆ ಆ ಮಾತು ತಾನೇ ಬೆಳೆಯತೊಡಗಿತು. ಡಾಕ್ಟರ ಮಗಳು ಮನೆಯೊಡತಿಗೆ, "ಇವಳ ಮನೆಯವರಿಗೆ ಬಟ್ಟೆ ಅಂಗಡಿ ಇದೆ" ಎಂದಳು. ಮನೆಯೊಡತಿಯ ಬಾಯಲ್ಲಿ ಅದು ಅಂಗಡಿಗಳಾಯಿತು. ಒಮ್ಮೆ ಪೇಟೆಯಲ್ಲಿ ಡಾಕ್ಟರ ಮಗಳು ಒಂದು ಬಟ್ಟೆ ಹಿಡಿದು, "ನೋಡೇ, ನೀನಾದ್ರೆ ಮುಟ್ಟಿ ಹೇಳ್ತೀಯ, ಇದಕ್ಕೆ ಇವರು ಕೇಳೋ ಬೆಲೆ ಸರಿನಾ?" ಎಂದಾಗ ಗರಿ ಪೇಚಿಗೆ ಸಿಕ್ಕಳು. ಮುಟ್ಟಿದೊಡನೆ ಅದು ಎಷ್ಟು ಬಿಸಿ ತಡೆಯುತ್ತದೆ, ಯಾವ ನೀರಿಗೆ ಬಣ್ಣ ಬಿಡುತ್ತದೆ ಎಂದು ಬೆರಳಿಗೆ ಗೊತ್ತಾಯಿತು. ಬೆಲೆ ಮಾತ್ರ ಗೊತ್ತಾಗಲಿಲ್ಲ. "ಸ್ವಲ್ಪ ಜಾಸ್ತಿ ಆಯ್ತು" ಎಂದು ಗಂಭೀರವಾಗಿ ತಲೆಯಾಡಿಸಿದಳು.

ಆ ಮೇಲೆ ಅವಳಿಗೆ ತನ್ನ ಬಟ್ಟೆಯದೇ ಭಯ ಹಿಡಿಯಿತು. ಅವಳು ಇಸ್ತ್ರಿ ಮಾಡಿದರೆ ತೋಳಿನ ಗೆರೆ ದಾರ ಹಿಡಿದು ಎಳೆದ ಹಾಗೆ ನಿಲ್ಲುತ್ತಿತ್ತು. ನೋಡಿದವರು ಎಲ್ಲಿ ಕಲಿತೆ ಎಂದು ಕೇಳಿದರೆ? ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಒಗೆದ ಬಟ್ಟೆಯನ್ನು ಬೇಕೆಂದೇ ಮುದ್ದೆ ಮಾಡಿಟ್ಟು ಮರುದಿನ ಹಾಕಿಕೊಂಡಳು. ಫೋನಿನಲ್ಲಿ ಮುಖ ನೋಡಿದ ಅಪ್ಪ, "ಆ ಕಾಲರ್ ಏನಮ್ಮ, ಎಮ್ಮೆ ಜಗಿದು ಬಿಟ್ಟ ಹಾಗಿದೆ" ಎಂದ. ಹಿಂದಿನಿಂದ ಅಜ್ಜಿ, "ಅದು ಅಂಗಿನಾ, ನೆಲ ಒರೆಸೋದಾ, ಸರಿಯಾಗಿ ನೋಡೋ" ಎಂದಳು. ಗರಿ ಅಂದಿನಿಂದ ಫೋನನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಳು.

ಮೂವರೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಿಳಿ ಕೋಟು ಹಾಕಬೇಕಿತ್ತು. ಕೋಟುಗಳನ್ನೆಲ್ಲ ಒಟ್ಟಿಗೆ ಬಿಸಿನೀರಿನಲ್ಲಿ ಒಗೆಯುವುದು, ವಾರಕ್ಕೊಬ್ಬರ ಸರದಿ. ಆ ವಾರ ನಿದ್ದೆಗಣ್ಣಿಯದು. ಗರಿ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನೋಡಿದರೆ ಮೆಷಿನ್ನಿನ ಮುಂದೆ ಕೋಟುಗಳ ರಾಶಿ, ಪಕ್ಕದಲ್ಲಿ ಮುಚ್ಚಳ ತೆಗೆದ ಸೋಪಿನ ಪುಡಿ. ಪಾಪ, ಹಾಕಲು ಬಂದವಳು ಬೇಕರಿಗೆ ಹೊತ್ತಾಯಿತೆಂದು ಹಾಗೇ ಓಡಿರಬೇಕು.

ಗರಿ ದಾಟಿ ಹೋಗಬಹುದಿತ್ತು. ಆದರೆ ಕೈ ಕೇಳಲಿಲ್ಲ. ಎಷ್ಟೋ ದಿನದಿಂದ ಕಟ್ಟಿಹಾಕಿದ್ದ ಕೈ ಅದು. ಕೂತು ಒಂದೊಂದೇ ಜೇಬು ಹೊರಗೆ ಮಾಡಿ ಕೊಡವಿದಳು. ಡಾಕ್ಟರ ಮಗಳ ಕೋಟಿನ ಎಡಜೇಬಿನಲ್ಲಿ ಒಂದು ತೆಳ್ಳನೆಯ ಉಂಗುರ ಸಿಕ್ಕಿತು. ಅವಳ ಅಜ್ಜಿಯದು, ಗ್ಲೌಸ್ ಹಾಕುವಾಗ ತೆಗೆದು ಜೇಬಿಗೆ ಹಾಕುತ್ತಿದ್ದಳು. ಗರಿ ಏನೂ ಯೋಚಿಸಲಿಲ್ಲ. ಕೋಣೆಗೆ ಹೋಗಿ ತನ್ನ ಅಜ್ಜಿ ಕೊಟ್ಟ ಸೂಜಿದಾರದ ಪೊಟ್ಟಣ ತಂದಳು, ಉಂಗುರವನ್ನು ಚಿಂದಿಯಲ್ಲಿ ಮಡಿಸಿದಳು, ಎಡಜೇಬಿನ ಒಳಮೂಲೆಗೆ ಗುಣಾಕಾರದ ಹೊಲಿಗೆ ಹಾಕಿ ದಾರ ಕಚ್ಚಿ ಕಡಿದಳು. ಕೋಟುಗಳನ್ನು ಮೆಷಿನ್ನಿಗೆ ಹಾಕಿ, ಅವು ಒಣಗುವವರೆಗೂ ಅಲ್ಲೇ ಪುಸ್ತಕ ಹಿಡಿದು ಕೂತು, ಮಡಿಸಿ ಮೆಷಿನ್ನಿನ ಮೇಲಿಟ್ಟು ಹೋದಳು. ಈ ದೇಶಕ್ಕೆ ಬಂದ ಮೇಲೆ ಅವಳು ನೆಮ್ಮದಿಯಾಗಿ ಕಳೆದ ಮೊದಲ ಬೆಳಿಗ್ಗೆ ಅದು.

ಕೋಟು ಇಟ್ಟಳು, ಜೇಬು ನೋಡಿಕೊಳ್ಳಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ತೋಚಿದಾಗ ಆಗಲೇ ಬಸ್ಸಿನಲ್ಲಿದ್ದಳು. ಸಂಜೆ ಹೇಳಿದರಾಯಿತು ಎಂದುಕೊಂಡಳು. ಸಂಜೆ ಬಾಗಿಲ ಮುಂದೆ ನಿಂತಾಗ, ನೀನ್ಯಾಕೆ ನಮ್ಮ ಬಟ್ಟೆ ಒಗೆದೆ, ಈ ಹೊಲಿಗೆ ಯಾರು ಕಲಿಸಿದ್ದು ಎಂದು ಕೇಳಿದರೆ ಏನು ಹೇಳುವುದೆಂದು ಹಿಂದೆಗೆದಳು. ಹೇಗೂ ಕೈಗೆ ಸಿಕ್ಕೇ ಸಿಗುತ್ತದೆ ಎಂದು ಸಮಾಧಾನ ಹೇಳಿಕೊಂಡಳು. ಆದರೆ ಡಾಕ್ಟರ ಮಗಳಿಗೆ ಎರಡು ಕೋಟು. ಒಗೆದದ್ದನ್ನು ಬೀರುವಿನಲ್ಲಿಟ್ಟು ಇನ್ನೊಂದನ್ನು ಹಾಕಿಕೊಂಡು ಹೋಗುತ್ತಿದ್ದಳು.

ಆ ವಾರ ಮುಗಿಯುವ ಮೊದಲೇ ಉಂಗುರ ಇಲ್ಲವೆಂದು ಗುಲ್ಲಾಯಿತು. ಮನೆಯೊಡತಿ ಮೇಲೆ ಬಂದು ಮೂವರನ್ನೂ ಅಡುಗೆಮನೆಯ ಮೇಜಿನ ಸುತ್ತ ಕೂರಿಸಿದಳು.

"ಜೇಬಲ್ಲೇ ಇಟ್ಟಿದ್ದೆ. ಒಗೆಯೋಕೆ ಹಾಕೋವಾಗ ತೆಗೆಯೋದು ಮರೆತೆ" ಎಂದಳು ಡಾಕ್ಟರ ಮಗಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಮೆಷಿನ್ ಪೂರ್ತಿ ಹುಡುಕಿದೀನಿ. ಒಗೆದಿದ್ದು ಯಾರು?"

"ನನ್ನ ಸರದಿ" ಎಂದಳು ನಿದ್ದೆಗಣ್ಣಿ. "ಆದರೆ ನಾನು ಉಂಗುರ ನೋಡಲಿಲ್ಲ. ನಿಜ ಹೇಳಬೇಕಂದ್ರೆ, ಬಟ್ಟೆ ಮೆಷಿನ್ನಿಗೆ ಹಾಕಿದ್ದೇ ನೆನಪಿಲ್ಲ. ಸಂಜೆ ಬಂದಾಗ ಒಗೆದಾಗಿತ್ತು. ನಾನೇ ಹಾಕಿರಬೇಕು."

"ಒಗೆದದ್ದು ನೆನಪಿಲ್ಲ, ಉಂಗುರ ನೆನಪಿಲ್ಲ. ನಿನಗೆ ನೆನಪಿರೋದಾದ್ರೂ ಏನು?"

"ನಿದ್ದೆ ಬರ್ತಿತ್ತು."

"ನಿದ್ದೇಲಿ ಮಡಿಸಿದ ಬಟ್ಟೆ ಅಷ್ಟು ಚೆನ್ನಾಗಿತ್ತಲ್ಲ" ಎಂದು ಡಾಕ್ಟರ ಮಗಳು ಕುಟುಕಿದಳು.

ಗರಿ ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಅಂಗೈಯಲ್ಲಿ ನೀವುತ್ತ ಕೂತಿದ್ದಳು. ಮನೆಯೊಡತಿ ಅವಳ ಕಡೆ ತಿರುಗಿದಳು. "ನೀನೇನಂತೀಯ? ನಿನಗೇನಾದ್ರೂ ಗೊತ್ತಾ?"

ಒಂದು ಮಾತು ಸಾಕಿತ್ತು. ಎಡಜೇಬಿನ ಮೂಲೆ ಮುಟ್ಟಿ ನೋಡು ಎಂದರೆ ಮುಗಿಯುತ್ತಿತ್ತು. ಆದರೆ ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಅಂಗಡಿಯವರ ಮಗಳು ಬೇರೆಯವರ ಬಟ್ಟೆಯ ಜೇಬಿಗೆ ಯಾಕೆ ಕೈ ಹಾಕಿದಳು ಎನ್ನುತ್ತಾರೆ. ಅಪ್ಪ, ಅಪ್ಪನ ಗಂಟು, ಅಪ್ಪನ ಕೂಗು ಎಲ್ಲ ಬಂದು ಆ ಮೇಜಿನ ಮೇಲೆ ಕೂರುತ್ತವೆ.

"ನನಗೇನೂ ಗೊತ್ತಿಲ್ಲ" ಎಂದಳು.

ಮನೆಯೊಡತಿ ನಿದ್ದೆಗಣ್ಣಿಯ ಕೋಣೆ ನೋಡೋಣ ಎಂದಳು. ಎಲ್ಲರೂ ಹೋದರು, ಗರಿಯೂ ಹೋದಳು. ಚೀಲವನ್ನು ಮಂಚದ ಮೇಲೆ ಸುರಿದರು. ಹಿಟ್ಟಿನ ಧೂಳು ಹಿಡಿದ ಬೇಕರಿಯ ಏಪ್ರನ್. ಹಿಮ್ಮಡಿಯಲ್ಲಿ ತೇಪೆಯ ಮೇಲೆ ತೇಪೆ ಹಾಕಿದ ಕಾಲುಚೀಲ. ಬಣ್ಣ ಮಾಸಿದ ಒಳಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ಕೊಡವಿದರು. ನಿದ್ದೆಗಣ್ಣಿ ಗೋಡೆಗೆ ಒರಗಿ ನಿಂತು ಕಿಟಕಿಯ ಕಡೆ ನೋಡುತ್ತಿದ್ದಳು. ಅಂದು ಅವಳ ಕಣ್ಣಿನಲ್ಲಿ ನಿದ್ದೆ ಇರಲಿಲ್ಲ. ಊರೆಲ್ಲರ ಕೊಳೆಬಟ್ಟೆ ಬರುತ್ತಿದ್ದ ಗರಿಯ ಮನೆಯಲ್ಲಿ ಯಾರೂ ಯಾರ ಒಳಬಟ್ಟೆಯನ್ನೂ ನಾಲ್ಕು ಜನರ ಮುಂದೆ ಎತ್ತಿ ಹಿಡಿದವರಲ್ಲ. ಅಮ್ಮ ಅವನ್ನು ಹಿತ್ತಿಲಲ್ಲೂ ಸೀರೆಯ ಮರೆಯಲ್ಲಿ ಒಣಗಿಸುತ್ತಿದ್ದಳು. ಗರಿಗೆ ತಲೆ ಎತ್ತಲಾಗಲಿಲ್ಲ. ಎತ್ತಿ ನೋಡಿದ್ದರೆ ಯಾರಾದರೂ ಅವಳ ಮುಖ ಓದಿಬಿಡುತ್ತಿದ್ದರು.

ಉಂಗುರ ಸಿಗಲಿಲ್ಲ. ಸಿಗದಿದ್ದುದೇ ತಪ್ಪಾಯಿತು. "ಮಾರಿಬಿಟ್ಟಿರ್ತಾಳೆ" ಎಂದಳು ಮನೆಯೊಡತಿ. "ನಾಳೆ ಕೋಣೆ ಖಾಲಿ ಮಾಡಮ್ಮ. ಪೊಲೀಸು ಗಿಲೀಸು ನನಗೆ ಬೇಡ."

ಕದ್ದಾದರೂ ಆ ಹೊಲಿಗೆ ಬಿಚ್ಚಿ ಉಂಗುರವನ್ನು ಎಲ್ಲಾದರೂ ನೆಲದ ಮೇಲೆ ಬೀಳಿಸಿದರೆ ಹೇಗೆ ಎಂದು ಗರಿ ಲೆಕ್ಕ ಹಾಕಿದಳು. ಡಾಕ್ಟರ ಮಗಳು ಸ್ನಾನಕ್ಕೆ ಹೋದ ಹೊತ್ತಿಗೆ ಅವಳ ಬಾಗಿಲ ಹಿಡಿಕೆ ಮುಟ್ಟಿಯೂ ನೋಡಿದಳು. ಬೀಗ ಹಾಕಿತ್ತು. ಉಂಗುರ ಕಳೆದುಕೊಂಡವಳು ಬೀಗ ಹಾಕದೆ ಬಿಡುತ್ತಾಳೆಯೇ. ಕಳ್ಳಿಯ ಹಾಗೆ ಬಾಗಿಲು ನೂಕುತ್ತಿರುವುದು ತಾನು, ಕಳ್ಳಿ ಅನ್ನಿಸಿಕೊಂಡವಳು ಇನ್ನೊಬ್ಬಳು.

ಬೆಳಿಗ್ಗೆ ಮನೆಯಿಂದ ಫೋನ್ ಬಂತು. ಅಮ್ಮ ಮಾತಾಡುತ್ತಿದ್ದಳು, ಅಪ್ಪ ಆಚೆ ಮೇಜಿನ ಹತ್ತಿರ ಯಾರಿಗೋ ಬಟ್ಟೆ ಕೊಡುತ್ತಿದ್ದ.

"ಊಟ ಸರಿಯಾಗಿ ಮಾಡ್ತೀಯಾ?"

"ಹೂಂ."

"ಗೋಡೆ ಯಾಕೆ ತೋರಿಸ್ತೀಯ, ಮುಖ ತೋರಿಸು. ಗೋಡೆನ ನಾವೇನು ಹೆತ್ತಿದೀವಾ?"

ಅಷ್ಟರಲ್ಲಿ ಫೋನಿನೊಳಗಿಂದ ಅಪ್ಪನ ಕೂಗು ಕೇಳಿಸಿತು. "ಜೇಬು ನೋಡ್ಕೊಳ್ಳಿ." ಅದೇ ಹೊತ್ತಿಗೆ ಈ ಕಡೆ ಮೆಟ್ಟಿಲಲ್ಲಿ ಪೆಟ್ಟಿಗೆ ಎಳೆಯುವ ಸದ್ದು. ಒಂದು ಮೆಟ್ಟಿಲು ಇಳಿಸುವುದು, ನಿಲ್ಲುವುದು, ಮತ್ತೊಂದು ಇಳಿಸುವುದು.

"ಆಮೇಲೆ ಮಾಡ್ತೀನಮ್ಮ" ಎಂದು ಫೋನಿಟ್ಟು ಗರಿ ಡಾಕ್ಟರ ಮಗಳ ಬಾಗಿಲು ತಟ್ಟಿದಳು. "ಬೀರುವಿನಲ್ಲಿರೋ ಕೋಟ್ ತೆಗಿ. ಎಡಜೇಬಿನ ಒಳಮೂಲೆ ಹಿಸುಕಿ ನೋಡು."

ಡಾಕ್ಟರ ಮಗಳು ಕೋಟು ತೆಗೆದಳು, ಹಿಸುಕಿದಳು, ಜೇಬನ್ನು ಹೊರಗೆ ಮಾಡಿದಳು. ಕೆಂಪು ಹೊಲಿಗೆ. ಕತ್ತರಿಯಿಂದ ಬಿಚ್ಚಿ ಚಿಂದಿ ತೆರೆದಾಗ ಉಂಗುರ ಅಂಗೈಗೆ ಬಿತ್ತು. ಅವಳು ಉಂಗುರಕ್ಕಿಂತ ಹೆಚ್ಚು ಹೊತ್ತು ಆ ಚಿಂದಿಯನ್ನು ನೋಡಿದಳು.

"ನಮ್ಮನೇಗೂ ಬಟ್ಟೆ ಹಿಂಗೇ ಬರ್ತಿತ್ತು" ಎಂದಳು. "ಇಸ್ತ್ರಿಯವರು ಬಾಗಿಲಲ್ಲಿ ಏನೋ ಕೂಗೋರು. ನಮ್ಮಮ್ಮ ಮೂಲೆ ಮೂಲೆ ಹಿಸುಕೋಳು."

"ಜೇಬು ನೋಡ್ಕೊಳ್ಳಿ ಅಂತಾರೆ" ಎಂದಳು ಗರಿ. "ನಮ್ಮಪ್ಪಂದೂ ಅದೇ ಕೆಲಸ. ಅಂಗಡಿ ಗಿಂಗಡಿ ಏನೂ ಇಲ್ಲ. ಕೋಟು ಒಗೆದಿದ್ದೂ ನಾನೇ."

ಡಾಕ್ಟರ ಮಗಳು ಮಂಚದ ಮೇಲೆ ಕೂತಳು. "ಅಯ್ಯೋ ಮಾರಾಯ್ತಿ. ನಿಮ್ಮಪ್ಪ ಏನು ಮಾಡಿದ್ರೆ ನನಗೇನು? ಅವಳ ಚೀಲ ನನ್ನ ಕೈಯಲ್ಲಿ ಸುರಿಸಿದ್ಯಲ್ಲ. ಈಗ ಅವಳಿಗೆ ಹೇಳೋರು ಯಾರು?"

"ನಾನೇ ಹೇಳ್ತೀನಿ."

ನಿದ್ದೆಗಣ್ಣಿ ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಗರಿ ಒಂದು ಮೆಟ್ಟಿಲು ಮೇಲೆ ನಿಂತೇ ಎಲ್ಲವನ್ನೂ ಹೇಳಿದಳು. ಸದ್ದು ಕೇಳಿ ಮನೆಯೊಡತಿಯೂ ಕೆಳಗೆ ಬಾಗಿಲು ತೆಗೆದು ನಿಂತಳು.

"ನಿನ್ನೆ ಮೇಜಿನ ಹತ್ರ ಕೂತಾಗ ಗೊತ್ತಿತ್ತಾ?" ಎಂದು ಕೇಳಿದಳು ನಿದ್ದೆಗಣ್ಣಿ.

"ಗೊತ್ತಿತ್ತು."

"ನನ್ನ ಚೀಲ ಸುರಿದಾಗ?"

"ಆಗಲೂ."

"ನಾನೇ ಮರೆತು ಎಲ್ಲಾದ್ರೂ ಬೀಳಿಸಿದೆನಾ ಅಂತ ನಿನ್ನೆಯಿಂದ ಯೋಚಿಸ್ತಿದೀನಿ. ನನ್ನ ಮೇಲೇ ನನಗೆ ನಂಬಿಕೆ ಹೋಗಿತ್ತು." ಇಷ್ಟು ಹೇಳಿ ಎದ್ದಳು. ಮನೆಯೊಡತಿ ಕೆಳಗಿನಿಂದ, "ಆಯ್ತಲ್ಲಮ್ಮ, ಇನ್ನು ನೀನ್ಯಾಕೆ ಹೋಗ್ತೀಯ, ಇಲ್ಲೇ ಇರು" ಎಂದಳು. ನಿದ್ದೆಗಣ್ಣಿ ಆ ಕಡೆ ನೋಡಲಿಲ್ಲ. ಗರಿಗೆ, "ಆ ಕಡೆ ಹಿಡ್ಕೋ" ಎಂದಳು.

ಗರಿ ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದಳು. ಬೇಕರಿಯವರು ಇರಲು ಕೊಟ್ಟಿದ್ದ, ಬೇಕರಿಯ ಮೇಲಿನ ಒಂದು ಸಣ್ಣ ಕೋಣೆಯವರೆಗೆ, ಬೀದಿ ದಾಟಿ, ಮತ್ತೊಂದು ಬೀದಿ ದಾಟಿ ಇಬ್ಬರೂ ಹೊತ್ತು ನಡೆದರು. ದಾರಿಯಲ್ಲಿ ಎರಡು ಸಲ ಕೈ ಬದಲಿಸಿದರು. ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ನಿದ್ದೆಗಣ್ಣಿ, "ಸಾಕು, ಹೋಗು" ಎಂದಳು.

ಅಂದು ಸಂಜೆ ಗರಿ ಫೋನನ್ನು ಮುಖಕ್ಕೆ ತಿರುಗಿಸಿ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದಳು. ಬಟ್ಟೆ ವ್ಯಾಪಾರ ಎಂದದ್ದನ್ನೂ ಬಿಡಲಿಲ್ಲ. ಅಪ್ಪ ಆ ಮಾತಿಗೆ ಒಮ್ಮೆ ಕೆಮ್ಮಿದ, ಅಷ್ಟೇ. ಆಮೇಲೆ, "ಹೊಲಿದಿದ್ದು ಸರಿ. ಕೂಗಲಿಲ್ಲ ಯಾಕೆ?" ಎಂದು ಕೇಳಿದ. ಅಪ್ಪನಿಗೆ ಉತ್ತರ ಗೊತ್ತಿತ್ತು ಎಂದು ಗರಿಗೆ ಅನ್ನಿಸಿತು. ಬೀದಿಯ ಆಚೆ ಬದಿಯಲ್ಲಿ ಅವಳು ನಡೆಯುತ್ತಿದ್ದ ದಿನಗಳಿಂದಲೂ ಗೊತ್ತಿದ್ದಿರಬೇಕು. ಅವನು ಮತ್ತೆ ಕೇಳಲಿಲ್ಲ.

ಮುಂದಿನ ಸಲ ಬಟ್ಟೆ ಒಗೆಯಲು ಇಳಿದಾಗ ಮೆಷಿನ್ನಿನ ಹಿಂದೆ, ಗೋಡೆಯ ಸಂದಿನಲ್ಲಿ, ಬೇಕರಿಯ ಇನ್ನೊಂದು ಏಪ್ರನ್ ಬಿದ್ದಿತ್ತು. ಗರಿ ಅದನ್ನು ಎರಡು ನೀರಿನಲ್ಲಿ ನೆನೆಸಿ ಹಿಟ್ಟಿನ ಅಂಟು ಬಿಡಿಸಿದಳು. ಮಂಚದ ಕೆಳಗಿನಿಂದ ಇಸ್ತ್ರಿಪೆಟ್ಟಿಗೆ ತೆಗೆದು ಧೂಳು ಒರೆಸಿ, ಅಡುಗೆಮನೆಯ ಮೇಜಿನ ಮೇಲೆ, ಎಲ್ಲರೂ ಓಡಾಡುವ ಜಾಗದಲ್ಲೇ, ಕಂಬಳಿ ಹಾಸಿ ಇಸ್ತ್ರಿ ಮಾಡಿದಳು. ಹಾದು ಹೋದ ಡಾಕ್ಟರ ಮಗಳು ಒಂದು ಕ್ಷಣ ನಿಂತು ನೋಡಿದಳು, ತನ್ನ ಅಂಗಿಯನ್ನೂ ಇಸ್ತ್ರಿ ಮಾಡಿಕೊಡು ಎನ್ನಲಿಲ್ಲ. ಅವಳಿಗೂ ಈಗ ಅಷ್ಟು ಸಂಕೋಚ ಬಂದಿತ್ತು.

ಬೇಕರಿಯ ಮೇಲಿನ ಬಾಗಿಲು ತಟ್ಟಿದಾಗ ನಿದ್ದೆಗಣ್ಣಿಯೇ ತೆಗೆದಳು. ಗರಿ ಏಪ್ರನ್ ಚಾಚಿದಳು. ಆಮೇಲೆ ಆ ನಾಡಿನ ಭಾಷೆಯಲ್ಲಿ, ಕೆಳಗಿನ ಅಂಗಡಿಯವರಿಗೂ ಕೇಳುವಷ್ಟು ದೊಡ್ಡದಾಗಿ, "ಜೇಬು ನೋಡ್ಕೋ" ಎಂದಳು.

ನಿದ್ದೆಗಣ್ಣಿ ಜೇಬಿಗೆ ಕೈ ಹಾಕಿದಳು. ಮೂಲೆಗಳನ್ನು ಹಿಸುಕಿದಳು. "ಏನೂ ಇಲ್ಲ."

"ಇಲ್ಲ ಅನ್ನೋದನ್ನ ನೀನೇ ನೋಡ್ಬೇಕು. ಅದಕ್ಕೇ ಕೂಗೋದು."

ನಿದ್ದೆಗಣ್ಣಿ ಏಪ್ರನ್ನಿನ ಮಡಿಕೆಯ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ಎದೆಗೆ ಹಿಡಿದುಕೊಂಡಳು. ಒಳಗೆ ಬಾ ಎನ್ನಲಿಲ್ಲ. ಗರಿ ಅದನ್ನು ಕಾಯಲೂ ಇಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆಯೂ ಅವಳ ಹಿಂದೆ ಬಾಗಿಲು ಮುಚ್ಚಿದ ಸದ್ದು ಕೇಳಿಸಲಿಲ್ಲ, ತಿರುಗಿ ನೋಡುವ ಮುಖ ಮಾತ್ರ ಅವಳಿಗಿರಲಿಲ್ಲ.